ಊರ ಕೆರೆ ಯಾಕೆ ತುಂಬುತ್ತಿಲ್ಲ?

ಬೇಸಿಗೆ ಬಂತೆಂದರೆ ಬಯಲುಸೀಮೆಯ ಸಣ್ಣಪುಟ್ಟ ಪಟ್ಟಣಗಳಲ್ಲಿ ಒಣಗಿದ ಕೆರೆಗೆ ಜೆಸಿಬಿ ಇಳಿಯುತ್ತದೆ. ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ಹೂಳು ಹೊತ್ತು ಹೋಗುತ್ತವೆ. ಗುದ್ದಲಿಪೂಜೆ, ಹಾರ, ಫೋಟೊ ಎಲ್ಲ ಆಗುತ್ತದೆ. ಮಳೆಗಾಲ ಬರುತ್ತದೆ, ಹೋಗುತ್ತದೆ. ಕೆರೆ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ. ಕೆಲವೇ ವರ್ಷಕ್ಕೆ ಮತ್ತೆ ಹೂಳು, ಮತ್ತೆ ಜೆಸಿಬಿ.

ಹೂಳೆತ್ತುವುದು ತಪ್ಪೇನಲ್ಲ. ಆದರೆ ಕೆರೆ ಇರುವುದು ನೀರಿನ ದಾರಿಯ ಕೊನೆಯಲ್ಲಿ. ಅಲ್ಲಿಗೆ ನೀರು ಬರಲಿಲ್ಲ, ಮಣ್ಣು ಬಂತು ಅಂದರೆ ಕಾರಣ ಮೇಲೆಲ್ಲೋ ಇದೆ. ಗುಡ್ಡದಲ್ಲೋ, ಹೊಲದಲ್ಲೋ, ಹಳ್ಳದಲ್ಲೋ. ನೆಲ-ಜಲ ಉಳಿಸುವ ಕೆಲಸದಲ್ಲಿ ಯಾವುದನ್ನು ಕಟ್ಟಿದಿರಿ ಅನ್ನುವಷ್ಟೇ ಮುಖ್ಯ, ಯಾವುದನ್ನು ಮೊದಲು ಕಟ್ಟಿದಿರಿ ಅನ್ನುವುದು. ನಮ್ಮಲ್ಲಿ ಹೆಚ್ಚಿನ ದುಡ್ಡು ಹೋಗುವುದು ಕೊನೆಯ ಮೆಟ್ಟಿಲಿಗೆ. ಯಾಕೆಂದರೆ ಅದು ಕಣ್ಣಿಗೆ ಕಾಣುತ್ತದೆ, ರಸ್ತೆ ಪಕ್ಕದಲ್ಲೇ ಇರುತ್ತದೆ.

ಮೊದಲು ಒಂದು ಸಣ್ಣ ಲೆಕ್ಕ ನೋಡೋಣ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಇದಿಷ್ಟು ನೆನಪಿದ್ದರೆ ಸಾಕು, ಮಿಕ್ಕಿದ್ದು ಬರೀ ಗುಣಾಕಾರ. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಚಳ್ಳಕೆರೆ, ಹಿರಿಯೂರಿನಂಥ ಕಡಿಮೆ ಮಳೆಯ ಸೀಮೆಯಲ್ಲೂ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಅಂದರೆ ಎಕರೆಗೆ 20 ಲಕ್ಷ ಲೀಟರ್!

ಈಗ 20,000 ಜನರಿರುವ ಒಂದು ಪಟ್ಟಣ ಇದೆ ಅಂದುಕೊಳ್ಳಿ. ತಲೆಗೆ ದಿನಕ್ಕೆ 100 ಲೀಟರ್ ಅಂತ ಹಿಡಿದರೆ ವರ್ಷಕ್ಕೆ ಬೇಕಾಗುವುದು 73 ಕೋಟಿ ಲೀಟರ್. ಅದರ ಕೆರೆಗೆ ನೀರು ಹರಿದು ಬರುವ ಪ್ರದೇಶ 10 ಚದರ ಕಿಲೋಮೀಟರ್ ಇದ್ದರೆ, ಅಷ್ಟು ನೆಲದ ಮೇಲೆ ವರ್ಷಕ್ಕೆ ಬೀಳುವ ಮಳೆ 500 ಕೋಟಿ ಲೀಟರ್. ಊರಿಗೆ ಬೇಕಾದ್ದರ ಹೆಚ್ಚುಕಡಿಮೆ ಏಳು ಪಟ್ಟು. ಹಾಗಿದ್ದೂ ಮಾರ್ಚ್ ಬಂದರೆ ಟ್ಯಾಂಕರ್ ಬೇಕು. ಎಲ್ಲಿ ಹೋಗುತ್ತದೆ ಇಷ್ಟೂ ನೀರು?

ದೊಡ್ಡ ಪಾಲು ಆವಿಯಾಗಿ ಹೋಗುತ್ತದೆ. ಬೆಳೆ, ಮರ, ಹುಲ್ಲು ಕುಡಿದು ಬಿಡುವ ನೀರೂ ಇದರಲ್ಲೇ ಸೇರಿದೆ. ಹಾಗಾಗಿ ಇದನ್ನು ಪೋಲು ಅನ್ನುವ ಹಾಗಿಲ್ಲ, ರಾಗಿ-ಶೇಂಗಾ ಬೆಳೆಯುವುದೇ ಇದರಿಂದ. ಇನ್ನೊಂದು ಪಾಲು ನೆಲದ ಮೇಲೆ ಹರಿದು ಹಳ್ಳ ಸೇರುತ್ತದೆ. ನೆಲದೊಳಗೆ ಇಳಿದು ಅಂತರ್ಜಲ ಸೇರುವುದು ತೀರಾ ಕಡಿಮೆ. ನಮ್ಮ ಗ್ರಾನೈಟ್, ನೈಸ್‌ನಂಥ ಗಟ್ಟಿ ಬಂಡೆಯ ನೆಲದಲ್ಲಿ ಮಳೆಯ ಹತ್ತರಲ್ಲಿ ಒಂದು ಪಾಲು ಇಳಿದರೆ ಅದೇ ಹೆಚ್ಚು. ಮೇಲೆ ಮಣ್ಣು, ಅದರ ಕೆಳಗೆ ಗರಸು, ಅಂದರೆ ಪುಡಿಯಾಗುತ್ತಿರುವ ಕಲ್ಲು, ಅದರ ಕೆಳಗೆ ಬಂಡೆ. ಗರಸಿನ ಪದರದಲ್ಲಿ ನೀರು ಚೆನ್ನಾಗಿ ನಿಲ್ಲುತ್ತದೆ, ಹಿಂದೆ ತೆರೆದ ಬಾವಿಗಳು ಬದುಕಿದ್ದು ಅದರಿಂದಲೇ. ಬಂಡೆಗೆ ಇಳಿದ ಮೇಲೆ ನೀರು ಇರುವುದು ಬಿರುಕುಗಳಲ್ಲಿ ಮಾತ್ರ. ಬೋರ್‌ವೆಲ್ ಕೊರೆಯುವವರು ಹುಡುಕುವ ಸೆಲೆ ಅಂದರೆ ಇದೇ. ಪಕ್ಕದ ಹೊಲದಲ್ಲಿ ಮೂರಿಂಚು ನೀರು ಸಿಕ್ಕಿ ನಮ್ಮ ಹೊಲದಲ್ಲಿ ಬರೀ ದೂಳು ಬರುವುದಕ್ಕೂ ಇದೇ ಕಾರಣ.

ಇನ್ನೊಂದು ಸಂಗತಿ. 500 ಮಿಲಿಮೀಟರ್ ಮಳೆ ವರ್ಷವಿಡೀ ಜಿನುಗುವುದಿಲ್ಲ. ಮೂವತ್ತು ನಲವತ್ತು ದಿನಗಳಲ್ಲಿ ಬಂದು ಹೋಗುತ್ತದೆ, ಅದರಲ್ಲೂ ಜಾಸ್ತಿ ಪಾಲು ಬೀಳುವುದು ಕೆಲವೇ ಗಂಟೆಗಳ ಜಡಿಮಳೆಯಲ್ಲಿ. ಆ ಕೆಲವು ಗಂಟೆ ನೆಲ ಹೇಗಿತ್ತು ಅನ್ನುವುದರ ಮೇಲೆ ಇಡೀ ವರ್ಷದ ನೀರು ನಿಂತಿದೆ.

ಒಂದು ಹನಿ ನೆಲಕ್ಕೆ ಬಡಿದಾಗ

ದೊಡ್ಡ ಮಳೆಹನಿ ನೆಲ ಮುಟ್ಟುವಾಗ ಸೆಕೆಂಡಿಗೆ ಒಂಬತ್ತು ಮೀಟರ್‌ವರೆಗೂ ವೇಗ ಪಡೆದಿರುತ್ತದೆ. ಎಲೆ, ಹುಲ್ಲು, ತರಗು ಇದ್ದರೆ ಆ ಪೆಟ್ಟನ್ನು ಅವೇ ತಿನ್ನುತ್ತವೆ. ಬರಿ ನೆಲವಾದರೆ ಹನಿ ಮಣ್ಣಿನ ಹೆಂಟೆಯನ್ನು ಒಡೆದು ಪುಡಿ ಮಾಡುತ್ತದೆ. ಆ ನುಣ್ಣನೆ ಪುಡಿ ಮಣ್ಣಿನ ಸಣ್ಣ ಸಣ್ಣ ತೂತುಗಳಲ್ಲಿ ಕೂತುಬಿಡುತ್ತದೆ. ಮೇಲೊಂದು ತೆಳು ಹೆಪ್ಪು ಕಟ್ಟುತ್ತದೆ. ಮಳೆ ನಿಂತ ಮರುದಿನ ಉತ್ತ ಹೊಲಕ್ಕೆ ಹೋಗಿ ನೋಡಿ, ಬೆರಳಲ್ಲಿ ಎಬ್ಬಿಸಿದರೆ ಬಿಲ್ಲೆಬಿಲ್ಲೆಯಾಗಿ ಎದ್ದು ಬರುತ್ತದೆ. ಅದರ ಕೆಳಗೆ ಎರಡು ಬೆರಳು ಆಳದಲ್ಲಿ ಮಣ್ಣು ಒಣಗಿಯೇ ಇರುವುದೂ ಉಂಟು. ಅಷ್ಟು ಮಳೆ ಬಿದ್ದರೂ ನೀರು ಒಳಗೆ ಇಳಿದೇ ಇಲ್ಲ.

ಇಳಿಯದ ನೀರು ಹರಿಯಲೇಬೇಕು. ಇಳಿಜಾರು ಉದ್ದವಾದಷ್ಟೂ ಅದರ ವೇಗ ಏರುತ್ತದೆ. ವೇಗ ಎರಡರಷ್ಟಾದರೆ ಅದರ ಶಕ್ತಿ ನಾಲ್ಕರಷ್ಟಾಗುತ್ತದೆ. ಮೇಲೆ ಹಾಳೆಯಂತೆ ತೆಳ್ಳಗೆ ಹರಿದದ್ದು, ಕೆಳಗೆ ಬರುವಷ್ಟರಲ್ಲಿ ಗೀರು ಕೊರೆಯುತ್ತದೆ. ಗೀರು ಕೊರಕಲಾಗುತ್ತದೆ. ಕೊರಕಲು ಹಳ್ಳವಾಗುತ್ತದೆ.

ಈ ಹರಿವಿನಲ್ಲಿ ಎಷ್ಟು ಮಣ್ಣು ಹೋಗುತ್ತದೆ ಅನ್ನುವುದು ಕಣ್ಣಿಗೆ ಕಾಣುವುದೇ ಇಲ್ಲ. ಒಂದು ಎಕರೆಯ ಮೇಲ್ಮಣ್ಣಿನಲ್ಲಿ ಬರೀ ಒಂದು ಮಿಲಿಮೀಟರ್ ಕೊಚ್ಚಿ ಹೋಯಿತು ಅಂದರೆ ನಾಲ್ಕು ಘನ ಮೀಟರ್ ಮಣ್ಣು. ತೂಕದಲ್ಲಿ ಐದು ಟನ್ ಆಸುಪಾಸು. ಯಾರಾದರೂ ರಾತ್ರಿ ಬಂದು ನಮ್ಮ ಹೊಲದಿಂದ ಐದು ಟನ್ ಮಣ್ಣು ಹೊತ್ತುಕೊಂಡು ಹೋದರೆ ಪೊಲೀಸ್ ಠಾಣೆಗೇ ಹೋಗುತ್ತೇವೆ. ಮಳೆ ಹೊತ್ತುಕೊಂಡು ಹೋದರೆ ‘ಒಳ್ಳೆ ಮಳೆ ಆಯ್ತು’ ಅಂತ ಸುಮ್ನಾಗುತ್ತೇವೆ. ಅಷ್ಟೇ ಅಲ್ಲ, ಮೊದಲು ಹೋಗುವುದು ಸಾರವಿರುವ ಮೇಲ್ಪದರ. ಗೊಬ್ಬರಕ್ಕೆ ಕೊಟ್ಟ ಕಾಸೂ ಅದರ ಜೊತೆಗೇ ಹೋಗಿ ಕೆರೆಯ ಅಂಗಳದಲ್ಲಿ ಹೂಳಾಗಿ ಮಲಗುತ್ತದೆ.

ಕೆರೆಯ ಹೂಳು ಅಂದರೆ ಇದೇ, ಯಾರದೋ ಹೊಲದ ಮಣ್ಣು.

ಗುಡ್ಡದಿಂದ ಶುರು

ಹಾಗಾದರೆ ಕೆಲಸ ಎಲ್ಲಿಂದ ಶುರುವಾಗಬೇಕು? ನೀರು ಎಲ್ಲಿ ಹೊರಡುತ್ತದೋ ಅಲ್ಲಿಂದ. ಜಲಾನಯನ ಇಲಾಖೆಯವರೂ ಈ ಕೆಲಸದಲ್ಲಿರುವ ಸಂಸ್ಥೆಗಳೂ ‘ನೆತ್ತಿಯಿಂದ ಕಣಿವೆಗೆ’ ಅನ್ನುವುದು ಇದನ್ನೇ. ಮೇಲೆ ನೀರು ಸ್ವಲ್ಪವೇ ಇರುತ್ತದೆ, ನಿಧಾನಕ್ಕೆ ಹರಿಯುತ್ತದೆ. ಗುದ್ದಲಿ ಹಿಡಿದು ಅದನ್ನು ನಿಲ್ಲಿಸಬಹುದು. ಕೆಳಗೆ ಅದೇ ನೀರು ಒಟ್ಟಾಗಿ ನುಗ್ಗಿ ಬಂದಾಗ ನಿಲ್ಲಿಸಲು ಕಾಂಕ್ರೀಟ್ ಬೇಕು, ಲಕ್ಷಗಟ್ಟಲೆ ದುಡ್ಡು ಬೇಕು, ಅದೂ ಒಂದೇ ಮಳೆಗೆ ಕಿತ್ತು ಹೋಗಬಹುದು. ಮೇಲಿನ ಕೆಲಸ ಮಾಡದೆ ಕೆಳಗೆ ಚೆಕ್ ಡ್ಯಾಂ ಕಟ್ಟಿದರೆ ಅದರ ಹಿಂದೆ ತುಂಬುವುದು ಮಣ್ಣು.

ಗುಡ್ಡದ ಮೇಲೆ ಮಾಡುವ ಕೆಲಸ ಟ್ರೆಂಚ್, ಅಂದರೆ ಇಳಿಜಾರಿಗೆ ಅಡ್ಡಲಾಗಿ ಉದ್ದನೆಯ ಗುಂಡಿ, ತೆಗೆಯುವುದು. ಗುಂಡಿ ತೋಡುವುದರಲ್ಲಿ ಏನಿದೆ ಅನ್ನಿಸಬಹುದು. ಆದರೆ ಇಲ್ಲೇ ಎಲ್ಲರೂ ಎಡವುವುದು. ಟ್ರೆಂಚ್ ಉದ್ದಕ್ಕೂ ಒಂದೇ ಮಟ್ಟದಲ್ಲಿ ಇರಬೇಕು. ಒಂದು ತುದಿ ಗೇಣು ಕೆಳಗಾದರೂ ನೀರೆಲ್ಲ ಆ ತುದಿಗೆ ಓಡಿ, ಅಲ್ಲೇ ಒಡೆದು, ಹೊಸ ಕೊರಕಲು ಶುರುವಾಗುತ್ತದೆ. ಇದ್ದದ್ದೂ ಕೆಟ್ಟಿತು.

ಮಟ್ಟ ಹಿಡಿಯಲು ದುಬಾರಿ ಯಂತ್ರವೇನೂ ಬೇಡ. ಆಳೆತ್ತರದ ಎರಡು ಗಳ ತೆಗೆದುಕೊಳ್ಳಿ. ತುದಿಯಲ್ಲಿ ಜೋಡಿಸಿ, ಕಾಲು ಅಗಲಿಸಿ, ನಡುವೆ ಒಂದು ಅಡ್ಡಪಟ್ಟಿ ಕಟ್ಟಿ. ಮೇಲಿನ ತುದಿಯಿಂದ ಒಂದು ದಾರ ಇಳಿಬಿಟ್ಟು, ಅದಕ್ಕೊಂದು ಕಲ್ಲು ಕಟ್ಟಿ. ಇದಕ್ಕೆ ಎ ಫ್ರೇಮ್ ಅನ್ನುತ್ತಾರೆ. ಈಗ ಎರಡೂ ಕಾಲು ನೆಲಕ್ಕೂರಿ, ದಾರ ಅಡ್ಡಪಟ್ಟಿಯನ್ನು ದಾಟುವ ಕಡೆ ಗುರುತು ಹಾಕಿ. ಆಮೇಲೆ ಕಾಲುಗಳನ್ನು ಅದಲುಬದಲು ಮಾಡಿ, ಎಡಗಾಲು ಇದ್ದ ಅದೇ ಜಾಗಕ್ಕೆ ಬಲಗಾಲು ಬರುವ ಹಾಗೆ ಇಟ್ಟು, ಇನ್ನೊಂದು ಗುರುತು ಹಾಕಿ. ಎರಡು ಗುರುತುಗಳ ನಟ್ಟನಡುವೆ ಮೂರನೆಯದೊಂದು ಗುರುತು. ಅದೇ ನಿಮ್ಮ ಮಟ್ಟ. ಗುಡ್ಡದ ಮೇಲೆ ಒಂದು ಕಾಲನ್ನು ಊರಿ, ಇನ್ನೊಂದನ್ನು ಮೇಲೆ ಕೆಳಗೆ ಸರಿಸುತ್ತಾ, ದಾರ ಆ ನಡುಗುರುತಿಗೆ ಬಂದು ನಿಂತ ಕಡೆ ಸುಣ್ಣದ ಚುಕ್ಕೆ ಇಡಿ. ಅಲ್ಲಿಂದ ಮುಂದಕ್ಕೆ ತಿರುಗಿಸಿ ಮತ್ತೊಂದು ಚುಕ್ಕೆ. ಚುಕ್ಕೆಗಳನ್ನು ಸೇರಿಸಿದರೆ ಗುಡ್ಡದ ಮೈಗುಂಟ ಡೊಂಕಾಗಿ ಸಾಗುವ ಗೆರೆ ಸಿಗುತ್ತದೆ. ನೋಡಲು ಸೊಟ್ಟ, ಆದರೆ ಮಟ್ಟ. ಬೇಗ ಮುಗಿಯಲಿ ಅಂತ ದಾರ ಹಿಡಿದು ನೇರ ಗೆರೆ ಎಳೆಯುವ ಗುತ್ತಿಗೆದಾರರನ್ನು ಕಂಡರೆ ಅಲ್ಲೇ ತಡೆಯಿರಿ.

ಮೂರು ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಆಳದ ಒಂದು ಟ್ರೆಂಚಿನಲ್ಲಿ 750 ಲೀಟರ್ ಹಿಡಿಯುತ್ತದೆ. ಹೆಕ್ಟೇರಿಗೆ ಇಂಥ ನೂರು ತೆಗೆದರೆ 75,000 ಲೀಟರ್. ಆ ಹೆಕ್ಟೇರಿನ ಮೇಲೆ ಬಿದ್ದ ಮಳೆಯಲ್ಲಿ ಏಳೂವರೆ ಮಿಲಿಮೀಟರಿನಷ್ಟು ಹರಿದರೂ ಪೂರ್ತಿ ಅಲ್ಲೇ ನಿಲ್ಲುತ್ತದೆ. ಇಂಗಿ ಖಾಲಿಯಾದ ಮೇಲೆ ಮುಂದಿನ ಮಳೆಗೆ ಮತ್ತೆ ತಯಾರು. ಅಗೆದ ಮಣ್ಣನ್ನು ಕೆಳಬದಿಗೇ ಹಾಕಬೇಕು, ಅದೂ ಅಂಚಿಗೆ ತಾಗಿಸದೆ ಒಂದು ಗೇಣು ಬಿಟ್ಟು. ಇಲ್ಲದಿದ್ದರೆ ಮೊದಲ ಮಳೆಗೇ ವಾಪಸ್ ಗುಂಡಿಗೆ ಜಾರುತ್ತದೆ. ಆ ಮಣ್ಣಿನ ದಿಂಡಿನ ಮೇಲೆ ಹುಲ್ಲಿನ ಬೀಜ ಎರಚಿ, ಎರಡು ಮೂರು ವರ್ಷ ದನ-ಕುರಿ ಬಿಡದೆ ಕಾಪಾಡಿಕೊಂಡರೆ ಟ್ರೆಂಚು ಮುಚ್ಚಿಹೋಗುವಷ್ಟರಲ್ಲಿ ಹುಲ್ಲೇ ಅದರ ಕೆಲಸ ವಹಿಸಿಕೊಳ್ಳುತ್ತದೆ. ನನ್ನ ಕೇಳಿದರೆ ಟ್ರೆಂಚಿಗಿಂತ ಈ ಹುಲ್ಲೇ ದೊಡ್ಡದು. ಆದರೆ ಹುಲ್ಲಿಗೆ ಅಂದಾಜುಪಟ್ಟಿ ಬರೆದು ಬಿಲ್ ಮಾಡುವುದು ಕಷ್ಟ ನೋಡಿ!

ಗುಡ್ಡ ಇಳಿದರೆ ಹೊಲ. ಇಲ್ಲಿ ಬದು. ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿದರೆ ನೀರಿನ ಓಟ ತುಂಡಾಗುತ್ತದೆ, ಅಲ್ಲಲ್ಲೇ ಇಂಗುತ್ತದೆ. ಬದುವಿಗೊಂದು ಕೋಡಿ ಬಿಡಲೇಬೇಕು. ಹೆಚ್ಚಾದ ನೀರು ಹೋಗಲು ಕಲ್ಲು ಜೋಡಿಸಿದ ಜಾಗ ಅದು. ಕೋಡಿ ಇಲ್ಲದ ಬದು ಒಡೆಯುತ್ತದೆ. ಒಂದು ಬದು ಒಡೆದರೆ ಅದರ ಹಿಂದೆ ನಿಂತ ನೀರೆಲ್ಲ ಕೆಳಗಿನ ಹೊಲದ ಬದುವಿಗೆ ನುಗ್ಗುತ್ತದೆ, ಅದೂ ಒಡೆಯುತ್ತದೆ. ಹೀಗೆ ಸಾಲಾಗಿ. ಮೇಲಿನ ಹೊಲದವರಿಗೂ ಕೆಳಗಿನ ಹೊಲದವರಿಗೂ ಜಗಳ ಹತ್ತುವುದು ಇಲ್ಲೇ. ‘ನಿಮ್ಮ ನೀರು ನಮ್ಮ ಹೊಲಕ್ಕೆ ಯಾಕೆ ಬಿಟ್ರಿ’ ಅಂತ.

ಬದು ಅಂದರೆ ರೈತರಿಗೆ ಜಾಗ ಹೋಗುತ್ತದೆ ಅನ್ನುವ ಬೇಜಾರೂ ಇದೆ. ಎರಡೆಕರೆ ಇರುವವರಿಗೆ ಒಂದು ಸಾಲು ಹೋದರೂ ಸಂಕಟವೇ. ಹಾಗಾಗಿ ಯೋಜನೆಯಲ್ಲಿ ಹಾಕಿದ ಬದುವನ್ನು ನಾಲ್ಕು ವರ್ಷದಲ್ಲಿ ನೇಗಿಲು ಒಂದೊಂದೇ ಗೆರೆ ತಿಂದು ಮುಗಿಸಿರುತ್ತದೆ. ಬದು ಉಳಿಯಬೇಕಾದರೆ ಅದರಿಂದ ಏನಾದರೂ ಸಿಗಬೇಕು. ತೊಗರಿ, ಮೇವಿನ ಹುಲ್ಲು, ಹೆಬ್ಬೇವು, ಹೊಂಗೆ, ಏನೋ ಒಂದು. ಗುಂಡ್ಲುಪೇಟೆ ಕಡೆಯ ರೈತರು ಹೊಲದ ಅಂಚಿಗೆ ಲಾವಂಚದ ಸಾಲು ಹಾಕುತ್ತಿದ್ದರು, ತಲೆಮಾರುಗಳಿಂದ. ಲಾವಂಚದ ಬೇರು ಪಕ್ಕಕ್ಕೆ ಹರಡದೆ ನೇರ ಕೆಳಕ್ಕಿಳಿಯುತ್ತದೆ, ಆದ್ದರಿಂದ ಬೆಳೆಗೆ ತೊಂದರೆ ಕಡಿಮೆ. ಒತ್ತಾಗಿ ಬೆಳೆದ ಬುಡ ನೀರನ್ನು ಸೋಸಿ ಬಿಡುತ್ತದೆ, ಮಣ್ಣು ಹಿಂದೆ ಉಳಿಯುತ್ತದೆ. ವರ್ಷ ಕಳೆದಂತೆ ಬದು ತಾನಾಗೇ ಏರುತ್ತದೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಭೂಸಂರಕ್ಷಣಾ ತಜ್ಞರು ಲಾವಂಚದ ಬೇಲಿಯನ್ನು ಬೇರೆ ಬೇರೆ ದೇಶಗಳಿಗೆ ಶಿಫಾರಸು ಮಾಡಲು ಹೊರಟಾಗ ಗುಂಡ್ಲುಪೇಟೆಯ ಈ ಹೊಲಗಳೂ ಅವರ ಕಣ್ಣಿಗೆ ಬಿದ್ದಿದ್ದವು.

ಹೊಲ ಮುಗಿದು ಕೊರಕಲು ಸಿಕ್ಕಿತು ಅಂದರೆ ಅಲ್ಲಿ ಕಲ್ಲುತಡೆ. ಸಿಮೆಂಟು ಬೇಡ, ಅಲ್ಲೇ ಸಿಗುವ ಕಲ್ಲು ಜೋಡಿಸಿದರೆ ಸಾಕು. ಗಮನಿಸಬೇಕಾದ್ದು ಎರಡೇ. ಕಲ್ಲುತಡೆಯ ನಡುಭಾಗ ಎರಡೂ ಅಂಚಿಗಿಂತ ತಗ್ಗಾಗಿರಬೇಕು. ಇಲ್ಲದಿದ್ದರೆ ನೀರು ಅಂಚಿಗೆ ಸರಿದು ದಡವನ್ನೇ ಕೊರೆಯುತ್ತದೆ. ಮತ್ತೆ, ಕೆಳಗಿನ ತಡೆಯ ತಲೆ ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರಬೇಕು. ಆಗ ಎರಡರ ನಡುವೆ ಮಣ್ಣು ತುಂಬಿ ಕೊರಕಲು ಮೆಟ್ಟಿಲಾಗುತ್ತದೆ. ಇದೆಲ್ಲ ಆದ ಮೇಲೆ, ಹಳ್ಳದಲ್ಲಿ ನಾಲಾ ಬದು, ಚೆಕ್ ಡ್ಯಾಂ, ಗೋಕಟ್ಟೆ. ಅವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಂಜಿನಿಯರುಗಳಿಗೆ ಬಹಳ ಪ್ರೀತಿಯ ಕೆಲಸ ಅದು, ತಾನಾಗೇ ಆಗುತ್ತದೆ.

ಇಷ್ಟೆಲ್ಲ ದಾಟಿ ಬಂದ ನೀರು ಕೆರೆಗೆ

ಕರ್ನಾಟಕದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ ಎಂದು ಸರ್ಕಾರಿ ಲೆಕ್ಕ ಹೇಳುತ್ತದೆ. ಅವುಗಳಲ್ಲಿ ಬಹುಪಾಲು ಒಂಟಿ ಕೆರೆಗಳಲ್ಲ, ಸರಣಿ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಆದ್ದರಿಂದ ಒಂದು ಕೆರೆ ನೋಡಲು ಹೋದವರು ಏರಿ, ನೀರು ಬಿಡುವ ತೂಬು, ಕೋಡಿ, ಕೆರೆ ನೀರುಣ್ಣುವ ಅಚ್ಚುಕಟ್ಟು ಇಷ್ಟನ್ನೇ ನೋಡಿ ಬಂದರೆ ಸಾಲದು. ನೀರು ಬರುವ ಕಾಲುವೆಯನ್ನು ಹಿಡಿದು ಮೇಲಕ್ಕೆ ನಡೆಯಬೇಕು. ಎಷ್ಟೋ ಕಡೆ ಕೆರೆಗೆ ನೀರು ಬಾರದಿರಲು ಕಾರಣ ಅರ್ಧ ಗಂಟೆಯ ನಡಿಗೆಯಲ್ಲೇ ಸಿಗುತ್ತದೆ. ಹೊಸ ರಸ್ತೆಯ ಮೋರಿ ಎತ್ತರಕ್ಕಿಟ್ಟಿದ್ದಾರೆ. ಲೇಔಟ್ ಮಾಡಿದವರು ಕಾಲುವೆಯನ್ನು ಪೈಪಿಗೆ ಇಳಿಸಿದ್ದಾರೆ. ಬಳ್ಳಾರಿ ಜಾಲಿ ಬೆಳೆದು ಮುಚ್ಚಿದೆ. ಇಲ್ಲವೇ ಯಾರೋ ಕಾಲುವೆ ಮುಚ್ಚಿ ಜೋಳ ಬಿತ್ತಿದ್ದಾರೆ. ಹೂಳೆತ್ತುವ ದುಡ್ಡಿನ ಒಂದು ಸಣ್ಣ ಚೂರು ಇದಕ್ಕೆ ಸಾಕಾಗುತ್ತಿತ್ತು.

ಹೂಳೆತ್ತುವುದಾದರೂ ಹೇಗೆ ಬೇಕೋ ಹಾಗಲ್ಲ. ಏರಿಯ ಬುಡದಲ್ಲಿ ಅಗೆಯಬಾರದು, ಏರಿ ದುರ್ಬಲವಾಗುತ್ತದೆ. ತೂಬಿನ ಮಟ್ಟಕ್ಕಿಂತ ಕೆಳಗೆ ಎಷ್ಟು ಆಳ ತೋಡಿದರೂ ಆ ನೀರು ಅಚ್ಚುಕಟ್ಟಿಗೆ ಹರಿಯುವುದಿಲ್ಲ. ದನಕರು ಕುಡಿಯಲು, ಇಂಗಲು ಆಗಬಹುದು ಅಷ್ಟೆ. ಇಟ್ಟಿಗೆಗೆ, ರಸ್ತೆ ತುಂಬಲು ಅಂತ ಬೇಕಾಬಿಟ್ಟಿ ಅಗೆದ ಕೆರೆಗಳಲ್ಲಿ ಕಡಿದಾದ ಗುಂಡಿಗಳಾಗಿ ಮಕ್ಕಳು ಮುಳುಗಿ ಸತ್ತ ಸುದ್ದಿ ಪ್ರತಿ ಮಳೆಗಾಲದಲ್ಲೂ ಓದುತ್ತೇವೆ. ಇನ್ನು ಎತ್ತಿದ ಹೂಳು, ಕೆರೆಗೋಡು, ಹೊಲಕ್ಕೇ ಹೋಗಬೇಕು. ಹಿಂದಿನವರು ಬೇಸಿಗೆಯಲ್ಲಿ ಗಾಡಿ ಕಟ್ಟಿ ಹೊಡೆಯುತ್ತಿದ್ದರು. ಕೆಮ್ಮಣ್ಣು, ಮರಳುಮಣ್ಣಿನ ಹೊಲಕ್ಕೆ ಗೋಡು ಬಿದ್ದರೆ ತೇವ ಹಿಡಿಯುವ ಗುಣ ಬರುತ್ತದೆ. ಹೊಲದಿಂದ ಬಂದದ್ದು ಹೊಲಕ್ಕೇ ವಾಪಸ್, ಅಲ್ವಾ? ಆದರೆ ಪಟ್ಟಣದ ಚರಂಡಿ ಸೇರುವ ಕೆರೆಯ ಹೂಳನ್ನು ಪರೀಕ್ಷೆ ಮಾಡಿಸದೆ ಹೊಲಕ್ಕೆ ಹಾಕಬೇಡಿ.

ಚರಂಡಿ ಅಂದಾಗ ನೆನಪಾಯಿತು. ಹಲವು ಸಣ್ಣ ಪಟ್ಟಣಗಳಲ್ಲಿ ಕೆರೆ ಬೇಸಿಗೆಯಲ್ಲೂ ತುಂಬಿರುತ್ತದೆ. ಅಂತರಗಂಗೆ ಹಸಿರಾಗಿ ಹಬ್ಬಿರುತ್ತದೆ. ಅದು ಮಳೆ ನೀರಲ್ಲ, ಊರಿನ ಬಚ್ಚಲು ನೀರು. ಒಳಚರಂಡಿ ಇಲ್ಲದ ಊರಿನಲ್ಲಿ ಶೌಚದ ಗುಂಡಿ ಖಾಲಿ ಮಾಡುವ ಟ್ಯಾಂಕರುಗಳು ರಾತ್ರಿ ಹೊತ್ತು ಎಲ್ಲಿಗೆ ಹೋಗುತ್ತವೆ ಅಂತ ಕೇಳಿದರೆ ಉತ್ತರ ಹೆಚ್ಚಾಗಿ ಕೆರೆ-ಹಳ್ಳದ ಕಡೆಗೇ ಬೆರಳು ತೋರಿಸುತ್ತದೆ. ದೇವನಹಳ್ಳಿಯಲ್ಲಿ 2015ರಲ್ಲಿ ಇಂಥ ಗುಂಡಿಗಳ ಮಲತ್ಯಾಜ್ಯವನ್ನು ಸಂಸ್ಕರಿಸುವ ಘಟಕ ಶುರುವಾಯಿತು. ಇಡೀ ಪಟ್ಟಣಕ್ಕೆ ಅಂತ ದೇಶದಲ್ಲಿ ಮೊದಲು ಮಾಡಿದವುಗಳಲ್ಲಿ ಅದೊಂದು. ದೊಡ್ಡ ಒಳಚರಂಡಿಗೆ ಕಾಯುತ್ತಾ ಕೂರುವ ಬದಲು ಸಣ್ಣ ಊರು ಮಾಡಬಹುದಾದ ಕೆಲಸ ಇದು.

ಕಟ್ಟಿದಷ್ಟೂ ನೀರು ಹೆಚ್ಚುತ್ತದೆಯೇ?

ಇಲ್ಲೊಂದು ತೊಡಕಿದೆ. ಜಲಾನಯನ ಕೆಲಸದ ಭಾಷಣಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಮೇಲೆ ಟ್ರೆಂಚು, ಬದು, ಚೆಕ್ ಡ್ಯಾಂ ಎಲ್ಲ ಚೆನ್ನಾಗಿ ಆದರೆ ಕೆಳಗಿನ ಕೆರೆಗೆ ಹರಿದು ಬರುವ ನೀರು ಕಡಿಮೆಯೇ ಆಗುತ್ತದೆ. ಆಗದೆ ಇನ್ನೇನು? ಮೇಲೆ ನಿಲ್ಲಿಸಿದ ನೀರು ಕೆಳಗೆ ಬರುವುದಿಲ್ಲ.

ಹಿಂದೆ ಇದು ಸಮಸ್ಯೆ ಆಗುತ್ತಿರಲಿಲ್ಲ. ಮೇಲೆ ಇಂಗಿದ ನೀರು ಗರಸಿನೊಳಗೆ ಮೆಲ್ಲಗೆ ಸರಿದು, ತಿಂಗಳುಗಳ ನಂತರ ಹಳ್ಳದಲ್ಲಿ ಜಿನುಗಾಗಿ ಹೊರಬರುತ್ತಿತ್ತು. ದೀಪಾವಳಿ ಕಳೆದರೂ ಹಳ್ಳ ಹರಿಯುತ್ತಿದ್ದದ್ದು ಹೀಗೆ. ಈಗ ಆ ನೀರು ಹಳ್ಳ ಮುಟ್ಟುವ ಮೊದಲೇ ಬೋರ್‌ವೆಲ್ ಎತ್ತಿಬಿಡುತ್ತದೆ. ನೆಲದೊಳಗಿನ ನೀರು ನೂರಾರು ಅಡಿ ಕೆಳಗೆ ಹೋಗಿದೆ. ಬಿದ್ದ ಮಳೆಯಲ್ಲಿ ಮೊದಲು ಆ ಖಾಲಿ ಜಾಗ ತುಂಬಬೇಕು, ಆಮೇಲೆ ಹಳ್ಳ.

ಬೆಂಗಳೂರಿನ ಹೊರಗೆ ಅರ್ಕಾವತಿ ನದಿಗೆ 1930ರ ದಶಕದಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯ ಇದಕ್ಕೆ ಸಾಕ್ಷಿ. ಒಂದು ಕಾಲದಲ್ಲಿ ಬೆಂಗಳೂರಿಗೆ ನೀರು ಕೊಡುತ್ತಿದ್ದ ಜಲಾಶಯಕ್ಕೆ ಹರಿದು ಬರುವ ನೀರು ದಶಕಗಳಲ್ಲಿ ಕುಸಿದುಹೋಯಿತು. ಎಲ್ಲರೂ ಮಳೆಯನ್ನು ದೂರಿದರು. ಅಧ್ಯಯನ ಮಾಡಿ ನೋಡಿದರೆ ಮಳೆ ಅಷ್ಟೇನೂ ಕಡಿಮೆಯಾಗಿರಲಿಲ್ಲ. ಮುಖ್ಯ ಕಾರಣಗಳಾಗಿ ಕಂಡದ್ದು ಅಂತರ್ಜಲವನ್ನು ಎತ್ತಿದ್ದು ಮತ್ತು ನೀಲಗಿರಿ ತೋಪುಗಳು. ನೀಲಗಿರಿಯ ಬೇರು ಆಳಕ್ಕಿಳಿದು, ಬೆಳೆ ಒಣಗಿದ ಕಾಲದಲ್ಲೂ ನೀರು ಎಳೆಯುತ್ತಲೇ ಇರುತ್ತದೆ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. ಆದರೆ ಕಡಿದ ಬುಡದಿಂದ ಚಿಗುರುವ ಹಳೆ ತೋಪುಗಳು ಅಲ್ಲಲ್ಲಿ ಇನ್ನೂ ಇವೆ.

ಹಾಗಾಗಿ ನೀರು ಹಿಡಿಯುವ ಕೆಲಸ ಅರ್ಧ ಮಾತ್ರ. ಇನ್ನರ್ಧ, ಹಿಡಿದ ನೀರನ್ನು ಯಾರು ಎಷ್ಟು ಎತ್ತಬೇಕು ಅನ್ನುವುದು. ಬ್ಯಾಂಕಿನ ಉಳಿತಾಯ ಖಾತೆಗೆ ದುಡ್ಡು ಹಾಕಿ, ಅದರ ಎಟಿಎಂ ಕಾರ್ಡನ್ನು ಊರಿಗೆಲ್ಲ ಹಂಚಿದರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ. ಚೆಕ್ ಡ್ಯಾಂ ಕಟ್ಟಿದ ವರ್ಷವೇ ಅದರ ಪಕ್ಕದಲ್ಲಿ ನಾಲ್ಕು ಹೊಸ ಬೋರ್‌ವೆಲ್ ಏಳುತ್ತವೆ. ಶೇಂಗಾ ಇದ್ದ ಕಡೆ ಅಡಿಕೆ ಬರುತ್ತದೆ. ಲೆಕ್ಕದಲ್ಲಿ ನೀರು ಹೆಚ್ಚಾಗಿದೆ, ಮಟ್ಟ ಮಾತ್ರ ಇಳಿಯುತ್ತಲೇ ಇದೆ. ಕೃಷಿ ಹೊಂಡದಲ್ಲೂ ಇದೇ ಕಥೆ ನೋಡಬಹುದು. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡ ನೀರನ್ನು ಇಂಗಿಸುವುದಿಲ್ಲ, ಕೂಡಿಡುತ್ತದೆ. ಮಳೆ ಕೈಕೊಟ್ಟಾಗ ಬೆಳೆಗೆ ಒಂದು ನೀರು ಕೊಡಲು ಅದು ಒಳ್ಳೆಯದೇ. ಆದರೆ ಬೋರ್‌ವೆಲ್ಲಿಂದ ಎತ್ತಿ ಹೊಂಡ ತುಂಬಿಸಿಕೊಂಡರೆ ಅಂತರ್ಜಲವನ್ನು ಬಿಸಿಲಿಗೆ ಹರಡಿ ಒಣಗಿಸಿದ ಹಾಗೆಯೇ ಆಯಿತು.

ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹಮದ್‌ನಗರ) ಜಿಲ್ಲೆಯ ಹಿವರೆ ಬಜಾರ್ ಬಗ್ಗೆ ಕೇಳಿರುತ್ತೀರಿ. 1990ರ ಸುಮಾರಿಗೆ ಪೋಪಟ್‌ರಾವ್ ಪವಾರ್ ಸರಪಂಚರಾದ ಮೇಲೆ ಆ ಊರು ಬದಲಾದ ಕಥೆ ಎಲ್ಲ ಕಡೆ ಬಂದಿದೆ. ಅಲ್ಲಿನ ಟ್ರೆಂಚು, ಬಾಂದಾರಗಳ ಫೋಟೊ ಎಲ್ಲರೂ ತೋರಿಸುತ್ತಾರೆ. ನೀರಾವರಿಗೆ ಬೋರ್‌ವೆಲ್ ಕೊರೆಯುವಂತಿಲ್ಲ, ಕಬ್ಬಿನಂಥ ನೀರು ಕುಡಿಯುವ ಬೆಳೆ ಬೇಡ, ಪ್ರತಿ ವರ್ಷ ಮಳೆ ಎಷ್ಟಾಯಿತು ನೋಡಿ ಗ್ರಾಮಸಭೆಯಲ್ಲಿ ನೀರಿನ ಬಜೆಟ್ ಹಾಕಬೇಕು ಅನ್ನುವ ಅವರ ಕಟ್ಟುಪಾಡುಗಳನ್ನು ಮಾತ್ರ ಅಷ್ಟಾಗಿ ಯಾರೂ ಹೇಳುವುದಿಲ್ಲ. ನಿಜವಾದ ಕೆಲಸ ಇರುವುದು ಅಲ್ಲಿ. ಬಜೆಟ್ ಹಾಕಲು ಬೇಕಾದ ಮಳೆ ಲೆಕ್ಕ ನಮ್ಮಲ್ಲೇನೂ ಕಡಿಮೆ ಇಲ್ಲ. ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಸ್ವಯಂಚಾಲಿತ ಮಳೆಮಾಪಕಗಳಿವೆ. ಅದರ ಜೊತೆಗೆ ಊರಿನ ನಾಲ್ಕು ತೆರೆದ ಬಾವಿಗಳ ಮಟ್ಟವನ್ನು ತಿಂಗಳಿಗೊಮ್ಮೆ ಹಗ್ಗ ಬಿಟ್ಟು ಅಳೆದು ಗೋಡೆ ಮೇಲೆ ಬರೆದರೆ, ಮುಂದಿನ ಬೆಳೆ ಏನು ಹಾಕಬೇಕು ಅಂತ ಮಾತಾಡಲು ಅಷ್ಟು ಸಾಕು.

ಗಡಿಯ ತಕರಾರು

ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಶಾಸನ ಇದೆ. ವಿಜಯನಗರದ ಕಾಲದ್ದು, ಅಲ್ಲಿನ ದೊಡ್ಡ ಕೆರೆಯ ಬಗ್ಗೆ. ಒಳ್ಳೆ ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನು, ಇರಬಾರದ ಆರು ದೋಷಗಳನ್ನು ಅದು ಪಟ್ಟಿ ಮಾಡುತ್ತದೆ. ಏರಿಯಿಂದ ನೀರು ಸೋರುವುದು ಒಂದು ದೋಷ, ಸವಳು ನೆಲ ಇನ್ನೊಂದು. ಆ ಆರರಲ್ಲಿ ಒಂದು, ಕೆರೆ ಎರಡು ರಾಜ್ಯಗಳ ಗಡಿಯಲ್ಲಿ ಇರುವುದು!

ನಮ್ಮ ಸಣ್ಣ ಪಟ್ಟಣಗಳ ಎಷ್ಟೋ ಕೆರೆಗಳಿಗೆ ಇಂದು ಇದೇ ದೋಷ ಅಂಟಿದೆ. ಕೆರೆ ಇರುವುದು ಪಟ್ಟಣ ಪಂಚಾಯಿತಿ ವ್ಯಾಪ್ತಿಯಲ್ಲಿ. ನೀರು ಬರುವ ಹೊಲಗಳು ಸುತ್ತಲಿನ ಎರಡು ಮೂರು ಗ್ರಾಮ ಪಂಚಾಯಿತಿಗಳಲ್ಲಿ. ಗುಡ್ಡ ಅರಣ್ಯ ಇಲಾಖೆಯದ್ದೋ ಕಂದಾಯದ್ದೋ. ಅಚ್ಚುಕಟ್ಟು 40 ಹೆಕ್ಟೇರ್ ದಾಟಿದ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಸಣ್ಣದು ಪಂಚಾಯತ್ ರಾಜ್ ಕಡೆಗೆ. ನೀರಿಗೆ ಈ ಗಡಿಗಳು ಗೊತ್ತಿಲ್ಲ, ಅನುದಾನಕ್ಕೆ ಮಾತ್ರ ಚೆನ್ನಾಗಿ ಗೊತ್ತು. ಪಟ್ಟಣ ಪಂಚಾಯಿತಿಯವರು ಗುಡ್ಡದಲ್ಲಿ ಟ್ರೆಂಚ್ ತೆಗೆಸಲು ಹೋದರೆ ಲೆಕ್ಕಪರಿಶೋಧನೆಯವರು ಆಕ್ಷೇಪ ಬರೆಯುತ್ತಾರೆ. ಅದಕ್ಕೇ ಅವರ ದುಡ್ಡೂ ಕೆರೆ ಅಂಗಳದಲ್ಲೇ ಖರ್ಚಾಗುತ್ತದೆ. ಬೇಡದ್ದನ್ನು ಮಾಡಬೇಕೆಂಬ ಆಸೆ ಯಾರಿಗೂ ಇರುವುದಿಲ್ಲ, ಬೇಕಾದ್ದನ್ನು ಮಾಡಲು ದಾರಿ ಇಲ್ಲ.

ಮೇಲಿನವರಿಗೂ ಕೆಳಗಿನವರಿಗೂ ಒಪ್ಪಂದ ಆಗಲು ಸಾಧ್ಯವೇ ಇಲ್ಲ ಅಂತಲ್ಲ. ಚಂಡೀಗಢದ ಸುಖ್ನಾ ಕೆರೆ ಕಟ್ಟಿದ್ದು 1958ರಲ್ಲಿ. ಕೆಲವೇ ವರ್ಷಗಳಲ್ಲಿ ಹೂಳು ತುಂಬತೊಡಗಿತು. ಹೂಳಿನ ಜಾಡು ಹಿಡಿದು ಮೇಲಕ್ಕೆ ಹೋದ ವಿಜ್ಞಾನಿಗಳು ತಲುಪಿದ್ದು ಶಿವಾಲಿಕ್ ಬೆಟ್ಟದ ಬುಡದ ಸುಖೋಮಾಜ್ರಿ ಎಂಬ ಬಡ ಹಳ್ಳಿಗೆ. ಅಲ್ಲಿನವರಿಗೆ ಬೇರೆ ಗತಿ ಇರಲಿಲ್ಲ, ಬೆಟ್ಟದಲ್ಲಿ ಆಡು ಮೇಯಿಸುತ್ತಿದ್ದರು, ಬೆಟ್ಟ ಬೋಳಾಗಿತ್ತು. 1970ರ ದಶಕದಲ್ಲಿ ವಿಜ್ಞಾನಿ ಪಿ. ಆರ್. ಮಿಶ್ರ ಮತ್ತು ಅವರ ಜೊತೆಯವರು ಅಲ್ಲಿ ಸಣ್ಣ ಮಣ್ಣಿನ ಕಟ್ಟೆಗಳನ್ನು ಕಟ್ಟಿಸಿದರು. ಬೆಟ್ಟಕ್ಕೆ ಬೇಲಿ ಹಾಕಲಿಲ್ಲ. ಬದಲಿಗೆ ಕಟ್ಟೆಯ ನೀರಿನಲ್ಲಿ ಊರಿನ ಪ್ರತಿ ಮನೆಗೂ ಸಮಪಾಲು ಅಂದರು. ಜಮೀನು ಇಲ್ಲದವರಿಗೂ ಪಾಲು. ತಮ್ಮ ಪಾಲನ್ನು ಅವರು ಬೇರೆಯವರಿಗೆ ಮಾರಬಹುದಿತ್ತು. ನೀರಿನಲ್ಲಿ ಪಾಲು ಸಿಕ್ಕಿದ ಮೇಲೆ ಬೆಟ್ಟವನ್ನು ಊರಿನವರೇ ಕಾಯತೊಡಗಿದರು. ಹುಲ್ಲು ಬಂತು, ಆಡಿನ ಜಾಗದಲ್ಲಿ ಎಮ್ಮೆ ಬಂದವು. ಕೆಳಗೆ ಸುಖ್ನಾಗೆ ಆ ದಿಕ್ಕಿನಿಂದ ಬರುವ ಹೂಳು ಇಳಿಯಿತು.

ನಮ್ಮಲ್ಲೂ ಪ್ರಯೋಗಗಳು ಆಗಿವೆ. ವಿಶ್ವಬ್ಯಾಂಕ್ ನೆರವಿನ ಸುಜಲ ಯೋಜನೆ 2001ರಿಂದ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆಯಿತು. ಗುಡ್ಡದಿಂದ ಕೆಳಕ್ಕೆ ಅನ್ನುವ ಕ್ರಮ, ಜಮೀನಿಲ್ಲದವರಿಗೂ ಆದಾಯದ ದಾರಿ, ಎರಡೂ ಅದರಲ್ಲಿದ್ದವು. ಕೆರೆಗಳಿಗೆ ಅಂತಲೇ ಜಲ ಸಂವರ್ಧನೆ ಯೋಜನಾ ಸಂಘ ಬಂತು, ಊರೂರಲ್ಲಿ ಕೆರೆ ಬಳಕೆದಾರರ ಸಂಘಗಳಾದವು. ಯೋಜನೆ ಇರುವಷ್ಟು ದಿನ ಸಂಘ ಜೋರಾಗಿರುತ್ತದೆ, ಮುಗಿದ ಮೇಲೆ ಪಾಸ್‌ಬುಕ್ ಮಾತ್ರ ಉಳಿಯುತ್ತದೆ. ಇದು ಬಹಳ ಕಡೆ ಕಾಣುವ ಚಿತ್ರ. ಹಿಂದೆ ಕೆರೆಗೆ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡುವುದು, ಏರಿಯಲ್ಲಿ ಬಿಲ ಬಿದ್ದರೆ ಊರಿಗೆ ಹೇಳುವುದು ಅವನ ಕೆಲಸ. ಅವನಿಗೆ ಕಣದಲ್ಲೇ ಕಾಳು ಅಳೆದು ಕೊಡುತ್ತಿದ್ದರು, ಸಂಬಳಕ್ಕೆ ಯಾವ ಅನುದಾನವೂ ಬೇಕಿರಲಿಲ್ಲ. ಆ ವ್ಯವಸ್ಥೆಯನ್ನು ಹಾಗೇ ವಾಪಸ್ ತರಬೇಕು ಅಂತ ನಾನು ಹೇಳುತ್ತಿಲ್ಲ, ಅದರೊಳಗೆ ಜಾತಿಯ ಗಂಟೂ ಇತ್ತು. ಆದರೆ ಕೋಟಿ ಖರ್ಚಿನ ಕೆಲಸಕ್ಕೆ ವರ್ಷಕ್ಕೊಮ್ಮೆ ಕಾಲುವೆ ಸವರಲು, ಕೋಡಿಯ ಕಲ್ಲು ಸರಿಪಡಿಸಲು ಒಬ್ಬರನ್ನಾದರೂ ಸಂಬಳ ಕೊಟ್ಟು ಇಡದಿರುವುದು ಯಾವ ಲೆಕ್ಕ?

ನಿಮ್ಮ ಊರಿನಲ್ಲಿ ಕೆರೆ ಕಾಮಗಾರಿ ಬಂದರೆ ಅಂದಾಜುಪಟ್ಟಿಯ ನಕಲು ಕೇಳಿ. ಮಾಹಿತಿ ಹಕ್ಕಿನಲ್ಲಿ ಕೊಡಲೇಬೇಕು. ಅದರಲ್ಲಿ ಕೆರೆ ಅಂಗಳಕ್ಕೆ ಎಷ್ಟು, ನೀರು ಬರುವ ಕಾಲುವೆಗೆ ಎಷ್ಟು, ಮೇಲಿನ ಹೊಲ-ಗುಡ್ಡಕ್ಕೆ ಎಷ್ಟು ಅಂತ ಮೂರು ಮೊತ್ತ ಬೇರೆ ಮಾಡಿ. ಕೊನೆಯ ಎರಡು ಮೊತ್ತ ಸೊನ್ನೆ ಆಗಿದ್ದರೆ ಕೆಲಸ ಶುರುವಾಗುವ ಮೊದಲೇ ಎಂಜಿನಿಯರರನ್ನು ಕರೆದುಕೊಂಡು ಕಾಲುವೆಗುಂಟ ಮೇಲಕ್ಕೆ ಒಮ್ಮೆ ನಡೆಯಿರಿ, ಮೇಲಿನ ಹಳ್ಳಿಯ ಇಬ್ಬರು ಸದಸ್ಯರನ್ನೂ ಜೊತೆಗೆ ಸೇರಿಸಿಕೊಂಡು. ಮಾರ್ಚ್‌ನಲ್ಲಿ ಹೋದರೆ ಒಳ್ಳೆಯದು. ಏಪ್ರಿಲ್ ಮುಗಿಯುವಷ್ಟರಲ್ಲಿ ಗುಡ್ಡದ ಟ್ರೆಂಚು ಮುಗಿದಿರಬೇಕು. ಮೊದಲ ಮುಂಗಾರುಪೂರ್ವ ಮಳೆ ಬಿದ್ದಾಗ ಎಲ್ಲಿ ಒಡೆಯಿತು ಅಂತ ನೋಡಿ, ಜೂನ್‌ಗೆ ಮುಂಚೆ ಸರಿಪಡಿಸಲು ಆಗ ಸಮಯ ಇರುತ್ತದೆ.